ಅಪ್ಪನ ಎಚ್‌ಎಂಟಿ ವಾಚು: ಯಾವುದು ಅಸಲಿ, ಯಾವುದನ್ನು ಮುಟ್ಟಬಾರದು

ಬೀರುವಿನ ಲಾಕರಿನಲ್ಲೋ ಟ್ರಂಕಿನ ತಳದಲ್ಲೋ ಹಳೆಯ ವಾಚು ಸಿಕ್ಕಿದ ಕೂಡಲೇ ಎಲ್ಲರೂ ಮಾಡುವ ಕೆಲಸ ಒಂದೇ: ಕೀ ಕೊಟ್ಟು ಕಿವಿಗೆ ಹಿಡಿಯುವುದು. ಎಂಟು-ಹತ್ತು ಸುತ್ತು ಕೊಟ್ಟು, ಟಿಕ್‌ಟಿಕ್ ಕೇಳಿ ಕೆಳಗಿಟ್ಟರೆ ಹಾನಿಯೇನಿಲ್ಲ. ಓಡುತ್ತಿದೆಯಲ್ಲ ಎಂಬ ಖುಷಿಯಲ್ಲಿ ಕಟ್ಟಿಕೊಂಡು ತಿಂಗಳುಗಟ್ಟಲೆ ಓಡಿಸಿದರೆ ಹಾನಿ. ಇಪ್ಪತ್ತು ವರ್ಷ ಮುಟ್ಟದೆ ಇಟ್ಟ ಮಷೀನಿನ ಎಣ್ಣೆ ಒಣಗಿ ಅಂಟಾಗಿರುತ್ತದೆ. ಆ ಅಂಟಿಗೆ ಸಿಕ್ಕಿಕೊಂಡ ಧೂಳು ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಆಚೀಚೆ ತೂಗಾಡುತ್ತ ಸಮಯ ಅಳೆಯುವ ಬ್ಯಾಲೆನ್ಸ್ ಚಕ್ರದ ಅಚ್ಚಿನ ತುದಿ ಇರುವುದೇ ಸುಮಾರು 0.1 ಮಿ.ಮೀ. ದಪ್ಪ. ಅದು ಸವೆದರೆ ಅಲ್ಲಿಗೆ ಮುಗಿಯಿತು.

ಕರ್ನಾಟಕದ ಮನೆಗಳಲ್ಲಿ ಹೀಗೆ ಸಿಗುವ ವಾಚು ಹೆಚ್ಚಾಗಿ ಎಚ್‌ಎಂಟಿ: ಜನತಾ, ಪೈಲಟ್, ಜವಾನ್, ಸೋನಾ, ಇಲ್ಲವೇ ಮದುವೆಯಲ್ಲಿ ಬಂದ ಕಾಂಚನ್. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನ ಕಾರ್ಖಾನೆಯಿಂದ ಮೊದಲ ವಾಚುಗಳು ಹೊರಬಂದದ್ದು 1961ರಲ್ಲಿ. ತುಮಕೂರಿನಲ್ಲಿ ಆಮೇಲೆ ಇನ್ನೊಂದು ಕಾರ್ಖಾನೆ ಬಂತು. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿದ್ದು 2016ರ ಜನವರಿಯಲ್ಲಿ. ಇಲ್ಲಿ ಮುಖ್ಯವಾಗಿ ಕೈಯಲ್ಲಿ ಕೀ ಕೊಡುವ, 17 ಜುವೆಲ್‌ನ (ಚಕ್ರಗಳ ಅಚ್ಚು ಸವೆಯದಂತೆ ಕೂರಿಸಿದ ಸಣ್ಣ ಕಲ್ಲುಗಳು) ಎಚ್‌ಎಂಟಿಗಳ ಮಾತು. ಸ್ವಿಸ್ ವಾಚುಗಳ ಬಗ್ಗೆ ಕೊನೆಯಲ್ಲಿ ಎರಡು ಎಚ್ಚರಿಕೆ ಇದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಅಂಗಡಿಯಲ್ಲೋ ಆನ್‌ಲೈನಿನಲ್ಲೋ ಕೊಳ್ಳುವವರಿಗೆ "ಅಸಲಿಯೋ ನಕಲಿಯೋ" ಎಂಬುದು ಪ್ರಶ್ನೆ. ಮನೆಯಿಂದ ಬಂದ ವಾಚಿಗೆ ಕೇಳಬೇಕಾದ್ದು ಬೇರೆ: ನಲವತ್ತು ವರ್ಷಗಳಲ್ಲಿ ಯಾವ ಯಾವ ಭಾಗ ಬದಲಾಗಿದೆ? ಅಪ್ಪ 1985ರಲ್ಲಿ ಡಯಲ್‌ಗೆ ಹೊಸ ಬಣ್ಣ ಹಾಕಿಸಿದ್ದರೆ ಅದು ಮೋಸವಲ್ಲ, ಅವರು ಕಟ್ಟಿದ್ದು ಆ ಡಯಲನ್ನೇ. ಆದರೂ ಯಾವುದು ಕಾರ್ಖಾನೆಯದು, ಯಾವುದು ರಿಪೇರಿಯವರದು ಎಂಬುದು ಗೊತ್ತಿರಬೇಕು. ಯಾವುದನ್ನು ಧೈರ್ಯವಾಗಿ ಬದಲಾಯಿಸಬಹುದು, ಯಾವುದಕ್ಕೆ ಕೈ ಹಚ್ಚಬಾರದು ಎಂಬ ತೀರ್ಮಾನ ಅದರ ಮೇಲೇ ನಿಂತಿದೆ.

ತೆರೆಯುವ ಮೊದಲು

ಒರೆಸಬೇಡಿ, ತೊಳೆಯಬೇಡಿ. ಹೇಗಿದೆಯೋ ಹಾಗೇ ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆಯಿರಿ: ಎದುರು, ಹಿಂಬದಿ, ಕ್ರೌನ್ (ಕೀ ಕೊಡುವ ಗುಂಡಿ) ಕಡೆ, ಪಟ್ಟಿ ಸಿಕ್ಕಿಸುವ ನಾಲ್ಕು ಕಿವಿಗಳು. ಬಿಲ್ಲು, ಗ್ಯಾರಂಟಿ ಕಾರ್ಡು, ಡಬ್ಬಿ ಇದ್ದರೆ ವಾಚಿನ ಜೊತೆಗೇ ಇಡಿ. ಮಾಡೆಲ್‌ನ ವಯಸ್ಸು ಹೇಳಲು ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಅಪ್ಪ ಕಟ್ಟಿಕೊಂಡಿರುವ ಹಳೆಯ ಫೋಟೊ ಇದ್ದರೆ ದೊಡ್ಡದು ಮಾಡಿ ನೋಡಿ. ಮದುವೆ ಆಲ್ಬಮ್ಮಿನ ಒಂದು ಕಪ್ಪು-ಬಿಳುಪು ಚಿತ್ರದಲ್ಲಿ ಡಯಲ್ ಕಪ್ಪೋ ಬಿಳಿಯೋ, ಅಂಕಿ ಇತ್ತೋ ಗೀಟು ಇತ್ತೋ ಎಂಬುದಾದರೂ ತಿಳಿಯುತ್ತದೆ. ಎಷ್ಟೋ ಸಲ ಅಷ್ಟೇ ಸಾಕು.

ಹಿಂಬದಿಯಲ್ಲಿ ಹೆಸರು, ತಾರೀಕು, ಬೀಳ್ಕೊಡುಗೆಯ ಬರಹ ಕೆತ್ತಿದ್ದರೆ ಆ ಮುಚ್ಚಳಕ್ಕೆ ಪಾಲಿಶ್ ಯಂತ್ರ ತಾಗಲೇಬಾರದು. ಡಯಲ್ ಮೇಲೆ ಯಾವುದೋ ಸಂಸ್ಥೆಯ ಲಾಂಛನ ಕಂಡರೆ ಗಾಬರಿ ಬೇಡ. ಸಂಸ್ಥೆಗಳಿಗಾಗಿ ಲಾಂಛನ ಹಾಕಿ ಮಾಡಿಕೊಟ್ಟ ಎಚ್‌ಎಂಟಿಗಳೂ ಇವೆ. ಹಾಗೆಯೇ ಡಯಲ್ ಮೇಲೆ ಎಚ್‌ಎಂಟಿ ಜೊತೆ ಸಿಟಿಜನ್ ಎಂಬ ಹೆಸರೂ ಇದ್ದರೆ ಅದು ಕಲಬೆರಕೆಯಲ್ಲ, ಮೊದಲ ದಿನಗಳ ವಾಚು. ಅಂಥದ್ದು ಸಿಕ್ಕಿದರೆ ಇನ್ನೂ ಜೋಪಾನ. ದೇವನಾಗರಿಯಲ್ಲಿ "ಜನತಾ" ಎಂದು ಬರೆದ ಡಯಲ್‌ಗಳೂ ಕಾರ್ಖಾನೆಯವೇ.

ಡಯಲ್ ಓದುವುದು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಒಂದು ಬೇಕು, ವಾಚು ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದ್ದು. ಬೆಳಕು ಮೇಲಿನಿಂದ ಬೇಡ, ಪಕ್ಕದಿಂದ ಓರೆಯಾಗಿ ಬೀಳಲಿ.

ಎಚ್‌ಎಂಟಿ ಗುರುತಿನಿಂದ ಶುರು ಮಾಡಿ. ಕಾರ್ಖಾನೆಯ ಮುದ್ರಣದಲ್ಲಿ ಅಕ್ಷರದ ಅಂಚು ಚೂಪಾಗಿರುತ್ತದೆ, ಶಾಯಿ ಡಯಲ್‌ನಿಂದ ಕೊಂಚ ಎದ್ದು ನಿಂತಿರುತ್ತದೆ, ಗೆರೆಯ ದಪ್ಪ ಎಲ್ಲ ಕಡೆ ಒಂದೇ. ರೀಡಯಲ್ ಮಾಡಿದ್ದರೆ, ಅಂದರೆ ಹಳೆಯ ಡಯಲ್‌ಗೆ ಹೊಸ ಬಣ್ಣ ಬಳಿದು ಮತ್ತೆ ಮುದ್ರಿಸಿದ್ದರೆ, ಅಕ್ಷರಗಳು ಊದಿಕೊಂಡು ಮೈ ತುಂಬಿಕೊಂಡಿರುತ್ತವೆ, "17 ಜುವೆಲ್ಸ್", "ಪ್ಯಾರಾಶಾಕ್" ಎಂಬಂಥ ಸಣ್ಣ ಸಾಲುಗಳಲ್ಲಿ ಅಕ್ಷರದ ಹೊಟ್ಟೆ ಮುಚ್ಚಿಹೋಗಿರುತ್ತದೆ. ಪ್ಯಾರಾಶಾಕ್ ಎಂಬುದು ಪೆಟ್ಟು ತಡೆಯುವ ವ್ಯವಸ್ಥೆಗೆ ಸಿಟಿಜನ್ ಇಟ್ಟ ಹೆಸರು, ಎಚ್‌ಎಂಟಿಗೂ ಬಂತು. ಆ ಪದದಲ್ಲಿ ಒಂದಕ್ಷರ ಆಚೀಚೆ ಆಗಿದ್ದರೆ ಬರೆದವರು ಕಾರ್ಖಾನೆಯವರಲ್ಲ.

ಆಮೇಲೆ ಅಂಚಿನ ನಿಮಿಷದ ಗೀಟುಗಳು. ಹನ್ನೆರಡರ ಗೀಟು ಹನ್ನೆರಡರ ಅಂಕಿಯ ನಡುವಿಗೆ ನೇರ ಇದೆಯೇ? ಆರು, ಮೂರು, ಒಂಬತ್ತರ ಹತ್ತಿರವೂ ನೋಡಿ. ಅಂಟಿಸಿದ ಲೋಹದ ಗೀಟುಗಳು ಮೊದಲಿನ ರಂಧ್ರದಲ್ಲೇ ಇರುತ್ತವೆ, ಮುದ್ರಣವನ್ನು ಮಾತ್ರ ಮತ್ತೆ ಹೊಡೆದಿರುತ್ತಾರೆ. ಹಾಗಾಗಿ ರೀಡಯಲ್‌ನಲ್ಲಿ ಇವೆರಡೂ ಅರ್ಧ ಗೀಟಿನಷ್ಟು ತಪ್ಪುವುದು ಸಾಮಾನ್ಯ. ತಾರೀಕಿನ ಕಿಂಡಿಯ ಅಂಚಿನಲ್ಲಿ, ಮುಳ್ಳುಗಳ ನಡುವಿನ ತೂತಿನ ಸುತ್ತ ಬಣ್ಣ ದಪ್ಪಗೆ ಕಟ್ಟಿಕೊಂಡಿದ್ದರೆ ಅದೂ ಮೇಲೆ ಹೊಡೆದ ಬಣ್ಣದ ಗುರುತು.

ವಯಸ್ಸು ಹೊಂದಬೇಕು. ಮುಳ್ಳಿನ ಮೇಲಿನ ರೇಡಿಯಂ ಬಣ್ಣ ಕಂದು ತಿರುಗಿ ಬಿರುಕು ಬಿಟ್ಟಿದ್ದು, ಡಯಲ್‌ನ ಚುಕ್ಕಿಗಳು ಹಾಲು ಬಿಳುಪಾಗಿದ್ದರೆ ಎರಡರಲ್ಲಿ ಒಂದು ಆಮೇಲೆ ಬಂದದ್ದು. (ಕತ್ತಲಲ್ಲಿ ಹೊಳೆಯುವುದಕ್ಕೆಲ್ಲ ನಾವು ರೇಡಿಯಂ ಅನ್ನುತ್ತೇವೆ. ನಿಜವಾದ ರೇಡಿಯಂ ಬೇರೆಯೇ ಸಂಗತಿ, ಮುಂದೆ ಬರುತ್ತದೆ.) ಮುಳ್ಳುಗಳ ಉದ್ದವೂ ಸುಳಿವು ಕೊಡುತ್ತದೆ. ನಿಮಿಷದ ಮುಳ್ಳು ಅಂಚಿನ ಗೀಟುಗಳನ್ನು ಮುಟ್ಟುವಂತಿರಬೇಕು, ಗಂಟೆಯ ಮುಳ್ಳು ಅಂಕಿಗಳ ಒಳ ಅಂಚಿಗೆ ಬರಬೇಕು. ಗಿಡ್ಡವಾಗಿದ್ದರೆ ಬೇರೆ ವಾಚಿನ ಮುಳ್ಳು.

ಪೈಲಟ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಹಳೆಯ ಪೈಲಟ್ ಅಂದರೆ ಕಪ್ಪು ಡಯಲ್. "ಅಪರೂಪದ ಹಳೇ ಪೈಲಟ್" ಎಂದು ಕಿತ್ತಳೆ, ಹಳದಿ, ಕೆಂಪು ಡಯಲ್ ಹಾಕಿ ಹೊರದೇಶದವರಿಗೆ ಮಾರುವ ವಾಚುಗಳಲ್ಲಿ ಬಹುಪಾಲು ಇಲ್ಲಿಯ ಸಣ್ಣ ಕೋಣೆಗಳಲ್ಲಿ ಬಣ್ಣ ಬಳಿದವು. ಒಳಗಿನ ಮಷೀನು ಎಚ್‌ಎಂಟಿಯದೇ ಇರಬಹುದು, ವೇಷ ಮಾತ್ರ ಬೇರೆ. ಅಮೆರಿಕದಲ್ಲಿರುವ ಮಗನಿಗೆ ಯಾರೋ ಕೊಂಡು ಕೊಟ್ಟದ್ದು ಇಂಥದ್ದಾಗಿರುವ ಸಾಧ್ಯತೆ, ತಾತನ ಪೆಟ್ಟಿಗೆಯಲ್ಲಿ ಸಿಕ್ಕಿದ್ದಕ್ಕಿಂತ ಹೆಚ್ಚು.

ಹೋಲಿಸಿ ನೋಡಲು ಅಸಲಿ ಡಯಲ್ ಬೇಕಲ್ಲ? ಬೆಂಗಳೂರಿನವರಾದರೆ ಜಾಲಹಳ್ಳಿಯ ಎಚ್‌ಎಂಟಿ ಹೆರಿಟೇಜ್ ಸೆಂಟರಿಗೆ ಒಮ್ಮೆ ಹೋಗಿಬನ್ನಿ. ಕಂಪನಿಯ ವಾಚುಗಳು ಸಾಲಾಗಿ ಪ್ರದರ್ಶನದಲ್ಲಿವೆ. ಆನ್‌ಲೈನ್ ಫೋಟೊಗಳ ಜೊತೆ ಹೋಲಿಸಿದರೆ ಕೆಲವೊಮ್ಮೆ ಒಂದು ರೀಡಯಲನ್ನು ಇನ್ನೊಂದು ರೀಡಯಲ್ ಜೊತೆ ಹೋಲಿಸಿದ ಹಾಗಾಗುತ್ತದೆ.

ಹಿಂಬದಿ ಮುಚ್ಚಳ ತೆಗೆಯುವಾಗ

ಅಭ್ಯಾಸವಿಲ್ಲದಿದ್ದರೆ ರಿಪೇರಿಯವರ ಎದುರು ಕೂತು ತೆಗೆಸಿ, ಫೋಟೊ ನೀವು ತೆಗೆದುಕೊಳ್ಳಿ. ನೀವೇ ತೆಗೆಯುವುದಾದರೆ ಮುಚ್ಚಳ ಒತ್ತಿ ಕೂರಿಸಿದ್ದೋ ತಿರುಗಿಸಿ ಬಿಗಿಮಾಡಿದ್ದೋ ನೋಡಿಕೊಳ್ಳಿ. ಸುತ್ತ ಕಚ್ಚುಗಳಿದ್ದರೆ ತಿರುಗಿಸುವಂಥದ್ದು. ಅಂಚಿನಲ್ಲಿ ಉಗುರು ಸಿಕ್ಕುವಷ್ಟು ಒಂದೇ ಸಂದು ಇದ್ದರೆ ಒತ್ತಿ ಕೂರಿಸಿದ್ದು. ಆ ಸಂದಿಗೆ ಕೇಸ್ ತೆರೆಯುವ ಮೊಂಡು ಬ್ಲೇಡಿನ ತುದಿ ಒಂದು ಮಿ.ಮೀ. ಹೋದರೆ ಸಾಕು. ಒಳಕ್ಕೆ ತಳ್ಳಬೇಡಿ, ಬ್ಲೇಡನ್ನು ತಿರುಚಿ. ತರಕಾರಿ ಚಾಕು ಜಾರಿದರೆ ಮೊದಲು ಹೋಗುವುದು ಹೇರ್‌ಸ್ಪ್ರಿಂಗ್ (ಬ್ಯಾಲೆನ್ಸ್ ಚಕ್ರದ ಕೂದಲೆಳೆಯಂಥ ಸುರುಳಿ), ಆಮೇಲೆ ಹೆಬ್ಬೆರಳು. ಬಾಯಿಂದ ಊದಬೇಡಿ, ಉಗುಳಿನ ಹನಿ ಬಿದ್ದಲ್ಲಿ ತುಕ್ಕು ಹಿಡಿಯುತ್ತದೆ. ಬೆರಳಿನ ಬೆವರೂ ಅಷ್ಟೇ.

ಈಗ ಮುಚ್ಚಳದ ಒಳಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಸೂಜಿಯಲ್ಲಿ ಗೀಚಿದಂಥ ಸಣ್ಣ ಅಂಕಿ, ಅಕ್ಷರ ಕಂಡರೆ ಅಳಿಸಲು ಹೋಗಬೇಡಿ. ಸರ್ವಿಸ್ ಮಾಡಿದವರು ತಮ್ಮ ನೆನಪಿಗೆ ಗೀಚಿಕೊಂಡ ಗುರುತು ಅದು, ಹಲವು ಸಲ ತಿಂಗಳು-ವರ್ಷವೂ ಇರುತ್ತದೆ. ಅಂಥ ಐದಾರು ಗುರುತಿದ್ದರೆ ವಾಚು ಆರೈಕೆಯಲ್ಲಿತ್ತು ಎಂದರ್ಥ. ವಾಚು ಯಾವ ವರ್ಷಕ್ಕಿಂತ ಹಿಂದಿನದು ಎಂಬುದೂ ಅಲ್ಲೇ ಸಿಗುತ್ತದೆ.

ಮಷೀನಿನ ಮೇಲೆ ಎಚ್‌ಎಂಟಿ ಹೆಸರು, ಜುವೆಲ್ ಸಂಖ್ಯೆ, ಮಷೀನಿನ ನಂಬರು ಹುಡುಕಿ. ಕೀ ಕೊಡುವ ಜನತಾ, ಪೈಲಟ್‌ಗಳಲ್ಲಿ ಬಹಳ ಸಿಗುವುದು 0231. ಡಯಲ್ ಮೇಲೆ 17 ಎಂದಿದ್ದರೆ ಒಳಗೂ 17 ಇರಬೇಕು. ಸ್ಕ್ರೂ ತಲೆಗಳನ್ನು ನೋಡಿ: ಗೀರಿನ ಅಂಚು ಕಿತ್ತುಹೋಗಿದ್ದರೆ ಅಳತೆ ತಪ್ಪಿದ ಸ್ಕ್ರೂಡ್ರೈವರ್ ಆಡಿದೆ. ಮಷೀನು ಕೇಸಿನೊಳಗೆ ಅಲುಗಾಡುತ್ತಿದ್ದರೆ, ಸುತ್ತ ಕಾಗದವನ್ನೋ ಪ್ಲಾಸ್ಟಿಕ್ ಚೂರನ್ನೋ ತುರುಕಿದ್ದರೆ ಅದು ಬೇರೆ ಕೇಸಿನಿಂದ ಬಂದ ಮಷೀನು. ಸೆಕೆಂಡಿನ ಮುಳ್ಳು ಸೆಕೆಂಡಿಗೊಮ್ಮೆ ಕುಪ್ಪಳಿಸುತ್ತಿದ್ದು, ಕ್ರೌನ್ ತಿರುಗಿಸಿದರೆ ಕೀ ತುಂಬದಿದ್ದರೆ ಯಾರೋ ಸೆಲ್ಲಿನ ಕ್ವಾರ್ಟ್ಜ್ ಮಷೀನು ಕೂರಿಸಿದ್ದಾರೆ. 0231 ಸೆಕೆಂಡಿಗೆ ಐದು ಸಣ್ಣ ಹೆಜ್ಜೆ ಇಡುತ್ತದೆ, ಅಂದರೆ ಗಂಟೆಗೆ 18,000.

ತುಕ್ಕು ಎಲ್ಲಿದೆ ಎಂಬುದರಲ್ಲಿ ಅರ್ಧ ತೀರ್ಮಾನವಿದೆ. ಕ್ರೌನಿನ ಕಡ್ಡಿಯ ಸುತ್ತ ಮಾತ್ರ ಇದ್ದರೆ ಬೆವರು, ಮಳೆನೀರು ಅಲ್ಲಿಂದ ಒಳಗೆ ಬಂದಿದೆ. ಕಡ್ಡಿ ಬದಲಾಯಿಸಿದರೆ ಮುಗಿಯಿತು. ಹೇರ್‌ಸ್ಪ್ರಿಂಗ್ ಮೇಲೆ ಕೆಂಪು ಚುಕ್ಕಿ ಕಂಡರೆ ಆ ಬ್ಯಾಲೆನ್ಸ್ ಹೋಯಿತು ಎಂದುಕೊಳ್ಳಿ. ಕರಾವಳಿಯ ಮನೆಗಳಿಂದ ಬಂದ ವಾಚುಗಳಲ್ಲಿ ಇದನ್ನು ವಿಶೇಷವಾಗಿ ಹುಡುಕಬೇಕು.

ಓಟದ ಪರೀಕ್ಷೆ

ಕೀ ಪೂರ್ತಿ ಕೊಡಿ, ತಡೆ ಸಿಕ್ಕಿದಲ್ಲಿ ನಿಲ್ಲಿಸಿ. ಮೊಬೈಲ್ ಗಡಿಯಾರಕ್ಕೆ ಹೊಂದಿಸಿ ಡಯಲ್ ಮೇಲೆ ಮಾಡಿ 24 ಗಂಟೆ ಬಿಡಿ, ಮರುದಿನ ಮತ್ತೆ ಪೂರ್ತಿ ಕೀ ಕೊಟ್ಟು, ಕ್ರೌನ್ ಕೆಳಗೆ ಮಾಡಿ ನಿಲ್ಲಿಸಿ ಇನ್ನೊಂದು 24 ಗಂಟೆ. ಹಳೆಯ 17 ಜುವೆಲ್ ವಾಚು ಸರ್ವಿಸ್ ಆದ ಮೇಲೆ ದಿನಕ್ಕೆ ಅರ್ಧ ನಿಮಿಷ ಆಚೀಚೆ ಹೋದರೆ ಒಳ್ಳೆಯ ಓಟ. ಸರ್ವಿಸ್ ಮೊದಲು ಎರಡು-ಮೂರು ನಿಮಿಷ ತಪ್ಪಿದರೂ ಗಾಬರಿಯಿಲ್ಲ. ಒಂದು ದಿನವೂ ಓಡದೆ ನಿಂತರೆ ಒಣಗಿದ ಎಣ್ಣೆ ಅಥವಾ ಸೋತ ಮೇನ್‌ಸ್ಪ್ರಿಂಗ್ (ಕೀ ಕೊಟ್ಟಾಗ ಸುತ್ತಿಕೊಂಡು ವಾಚನ್ನು ಓಡಿಸುವ ಸ್ಪ್ರಿಂಗು).

ಗಂಟೆಗೆ ಕೆಲವು ನಿಮಿಷ ಮುಂದೆ ಓಡಿದರೆ ಕಾರಣ ಬೇರೆ: ಹೇರ್‌ಸ್ಪ್ರಿಂಗ್‌ನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿವೆ. ಎಣ್ಣೆ ತಾಗಿರಬಹುದು, ಅಯಸ್ಕಾಂತ ಹಿಡಿದಿರಬಹುದು. ದಿಕ್ಸೂಚಿಯೊಂದನ್ನು ಓಡುತ್ತಿರುವ ವಾಚಿನ ಮೇಲೆ ಹಿಡಿಯಿರಿ. ಸೂಜಿ ನಡುಗಿದರೆ ಅಯಸ್ಕಾಂತ ಹಿಡಿದಿದೆ. ರಿಪೇರಿಯವರ ಬಳಿ ಅದನ್ನು ತೆಗೆಯುವ ಡಬ್ಬಿ ಇರುತ್ತದೆ, ಕೆಲವೇ ಸೆಕೆಂಡಿನ ಕೆಲಸ. ಇಷ್ಟಕ್ಕೇ "ಮಷೀನು ಕೆಟ್ಟಿದೆ, ಬದಲಾಯಿಸಬೇಕು" ಎನ್ನುವವರಿದ್ದಾರೆ, ಎಚ್ಚರ.

ಟಿಕ್‌ಟಿಕ್ ಕೇಳಿ ಓಟ ಅಳೆಯುವ ಟೈಮ್‌ಗ್ರಾಫರ್ ಯಂತ್ರವಿರುವ ಅಂಗಡಿಯಾದರೆ ಮೂರು ಅಂಕಿ ಕೇಳಿ ಬರೆದುಕೊಳ್ಳಿ: ದಿನದ ತಪ್ಪು, ಬ್ಯಾಲೆನ್ಸಿನ ತೂಗಾಟ ಎಷ್ಟು ಡಿಗ್ರಿ, ಬೀಟ್ ಎರರ್ (ಟಿಕ್‌ಗೂ ಟಾಕ್‌ಗೂ ಹಿಡಿಯುವ ಸಮಯದ ವ್ಯತ್ಯಾಸ) ಎಷ್ಟು ಮಿಲಿಸೆಕೆಂಡು. ಪೂರ್ತಿ ಕೀ ಇದ್ದು ಡಯಲ್ ಮೇಲಿದ್ದಾಗ ತೂಗಾಟ 250ರಿಂದ 300 ಡಿಗ್ರಿ ಇದ್ದರೆ ಆರೋಗ್ಯ. 200ಕ್ಕಿಂತ ಕೆಳಗಿದ್ದರೆ ಬಿಚ್ಚಿ ಸರ್ವಿಸ್ ಮಾಡದೆ ಬೇರೆ ದಾರಿಯಿಲ್ಲ. ಬೀಟ್ ಎರರ್ ಒಂದು ಮಿಲಿಸೆಕೆಂಡಿನ ಒಳಗಿರಲಿ.

ಮಷೀನಿಗೆ ಧಾರಾಳ, ಡಯಲ್‌ಗೆ ಜಿಪುಣ

ಕಟ್ಟಿಕೊಳ್ಳುವ ಉದ್ದೇಶವಿದ್ದರೆ ಮಷೀನಿನ ಸರ್ವಿಸ್ ಮಾಡಿಸಲೇಬೇಕು, ಅದರಲ್ಲಿ ಚರ್ಚೆಯಿಲ್ಲ. ಕಟ್ಟುವುದಿಲ್ಲ, ನೆನಪಿಗೆ ಇಡುತ್ತೇವೆ ಎನ್ನುವುದಾದರೆ ಸರ್ವಿಸ್ ಕೂಡ ಬೇಡ. ಪಟ್ಟಿ ಬಿಚ್ಚಿ ಬೇರೆ ಇಟ್ಟು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಗೆ ಹಾಕಿದರಾಯಿತು. ನಿಂತ ವಾಚು ಸವೆಯುವುದಿಲ್ಲ.

ಡಯಲ್ ವಿಷಯದಲ್ಲಿ ನಮ್ಮ ನಿಲುವು ಗಟ್ಟಿ: ಓದಲು ಬರುವಷ್ಟಿದ್ದರೆ ಮುಟ್ಟಬೇಡಿ. ಹಳದಿ ತಿರುಗಿದ್ದು, ಅಂಚಿನಲ್ಲಿ ನೀರಿನ ಕಲೆ, ಸಣ್ಣ ಚುಕ್ಕಿ ಇವೆಲ್ಲ ಇರಲಿ. ಹತ್ತಿಯಲ್ಲಿ ಒರೆಸಿದರೂ ಮುದ್ರಣ ಹತ್ತಿಗೆ ಬರುತ್ತದೆ, ಹೋದದ್ದು ಹೋಯಿತು. ಬಣ್ಣದ ಪೊರೆ ಎದ್ದು ಚೂರು ಮಷೀನಿಗೆ ಬೀಳುತ್ತಿದ್ದರೆ ಮಾತ್ರ ಏನಾದರೂ ಮಾಡಬೇಕು. ಆಗಲೂ ನಿಮ್ಮ ಡಯಲ್‌ಗೆ ಬಣ್ಣ ಹೊಡೆಸಬೇಡಿ. ಅದೇ ಮಾಡೆಲ್‌ನ ಕೆಟ್ಟ ವಾಚೊಂದನ್ನು ಕೊಂಡು ಅದರ ಡಯಲ್ ಹಾಕಿಸಿ, ಅಪ್ಪನದನ್ನು ಕಾಗದದಲ್ಲಿ ಸುತ್ತಿ ಎತ್ತಿಡಿ. ಜನತಾದಂಥ ಮಾಡೆಲ್‌ಗಳು ಲೆಕ್ಕವಿಲ್ಲದಷ್ಟು ಬಂದಿರುವುದರಿಂದ ಇದು ಕಷ್ಟವಲ್ಲ.

ಕೇಸಿನಲ್ಲಿ ಜನ ಮೋಸ ಹೋಗುವುದು "ಪಾಲಿಶ್" ಎಂಬ ಪದದಿಂದ. ಜನತಾ ಕೇಸು ಹಿತ್ತಾಳೆ, ಮೇಲೆ ಕ್ರೋಮ್ ಲೇಪ. ಕಿವಿಗಳ ತುದಿಯಲ್ಲಿ ಹಳದಿ ಇಣುಕುತ್ತಿದ್ದರೆ ಅಲ್ಲಿ ಲೇಪ ಸವೆದಿದೆ. ಅದನ್ನು ಉಜ್ಜಿದರೆ ಹೊಳಪು ಬರುವುದಿಲ್ಲ, ಉಳಿದ ಕ್ರೋಮೂ ಹೋಗುತ್ತದೆ. ಮತ್ತೆ ಗಿಲೀಟು ಮಾಡಿಸಬೇಕೆಂದರೆ ಹಳೆಯ ಲೇಪ ಕಿತ್ತು, ಬೆವರು ತಿಂದ ಗುಂಡಿಗಳು ಹೋಗುವವರೆಗೆ ಉಜ್ಜಿ, ನಿಕ್ಕಲ್, ಮೇಲೆ ಕ್ರೋಮ್. ಅಷ್ಟರಲ್ಲಿ ಕಿವಿಗಳ ಚೂಪು ಅಂಚು ದುಂಡಗಾಗಿ ವಾಚು ಸೋಪಿನ ಬಿಲ್ಲೆಯ ಹಾಗೆ ಕಾಣುತ್ತದೆ. ಕಾಂಚನ್‌ನ ಚಿನ್ನದ ಬಣ್ಣಕ್ಕೂ ಇದೇ ಮಾತು, ಹೊಸ ಗಿಲೀಟಿನ ಹಳದಿ ಹಳೆಯದರ ಹಳದಿಯಲ್ಲ. ಮಷೀನು ಹೊರಗೆ ತೆಗೆದಿರುವಾಗ ಖಾಲಿ ಕೇಸನ್ನು ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಮೆದು ಟೂತ್‌ಬ್ರಶ್‌ನಲ್ಲಿ ತೊಳೆಯಿರಿ, ಸಂದಿನ ಹಸಿರು ಕಿಲುಬನ್ನು ಕಡ್ಡಿಯಿಂದ ತೆಗೆಯಿರಿ, ಪೂರ್ತಿ ಒಣಗಿಸಿ. ಅಷ್ಟರಲ್ಲೇ ಮುಖ ಬದಲಾಗುತ್ತದೆ.

ಗ್ಲಾಸು, ಕ್ರೌನು, ಪಟ್ಟಿ ಈ ಮೂರೂ ಸವೆಯುವುದಕ್ಕೇ ಇರುವ ಭಾಗಗಳು, ಧೈರ್ಯವಾಗಿ ಬದಲಾಯಿಸಿ. ಗ್ಲಾಸು ಅಕ್ರಿಲಿಕ್, ಬರೀ ಗೀರುಗಳಿದ್ದರೆ ಬದಲಾಯಿಸುವುದೂ ಬೇಡ: ಬ್ರಾಸೋ ಒಂದು ಹನಿ ಮೆದು ಬಟ್ಟೆಗೆ ಹಾಕಿ ಐದು ನಿಮಿಷ ಸುತ್ತುಸುತ್ತಾಗಿ ಉಜ್ಜಿದರೆ ತಿಳಿಯಾಗುತ್ತದೆ. ಪೇಸ್ಟು ಕೇಸಿನ ಕ್ರೋಮಿಗೆ, ಗ್ಲಾಸಿನ ಬುಡದ ಸಂದಿಗೆ ತಾಗದ ಹಾಗೆ ಸುತ್ತ ಟೇಪ್ ಅಂಟಿಸಿಕೊಳ್ಳಿ. ಬಿರುಕು ಇದ್ದರೆ ಉಜ್ಜಬೇಡಿ, ಬದಲಾಯಿಸಿ. ಬಿರುಕಿನಿಂದ ತೇವ ನೇರ ಡಯಲ್‌ಗೆ ಹೋಗುತ್ತದೆ.

ರಿಪೇರಿಯವರ ಮುಂದೆ

"ಸರ್ವಿಸ್" ಎಂಬ ಪದಕ್ಕೆ ಎರಡು ಅರ್ಥವಿದೆ. ಒಂದು, ಇಡೀ ಮಷೀನನ್ನು ಪೆಟ್ರೋಲಿನಲ್ಲಿ ಅದ್ದಿ, ಒಣಗಿಸಿ, ನಾಲ್ಕು ಹನಿ ಎಣ್ಣೆ ಬಿಟ್ಟು ಕಾಲು ಗಂಟೆಯಲ್ಲಿ ಕೊಡುವುದು. ವಾಚು ಓಡುತ್ತದೆ, ಕೆಲವು ತಿಂಗಳು. ಕರಗಿದ ಕೊಳೆ ಜುವೆಲ್ ತೂತುಗಳಲ್ಲೇ ಮತ್ತೆ ಕೂರುತ್ತದೆ. ಇನ್ನೊಂದು, ಪೂರ್ತಿ ಬಿಚ್ಚುವುದು: ಮೇನ್‌ಸ್ಪ್ರಿಂಗ್ ಡಬ್ಬಿಯಿಂದ ಹೊರಗೆ, ಪ್ರತಿ ಚಕ್ರ ಬೇರೆ ಬೇರೆ, ಜುವೆಲ್ ತೂತುಗಳನ್ನು ಚೂಪು ಮರದ ಕಡ್ಡಿಯಿಂದ ಸ್ವಚ್ಛಮಾಡಿ, ಮತ್ತೆ ಜೋಡಿಸಿ ಎಣ್ಣೆ. ಎರಡನೆಯದಕ್ಕೆ ಕೆಲವು ದಿನ ಬೇಕು, ವಾಚಿನ ಮಾರುಕಟ್ಟೆ ಬೆಲೆಯಷ್ಟೇ ಖರ್ಚೂ ಬೀಳಬಹುದು. ಜನತಾಕ್ಕೆ ಅಷ್ಟು ಖರ್ಚು ದಂಡವೇ ಎಂದು ಲೆಕ್ಕ ಹಾಕಿದರೆ ದಂಡವೇ. ಆ ಲೆಕ್ಕ ಹಾಕುವವರು ಸರ್ವಿಸ್ ಮಾಡಿಸದೆ ಎತ್ತಿಡುವುದು ಮೇಲು.

ಯಾವ ಎಣ್ಣೆ ಎಂದು ಕೇಳಿ. ಎಲ್ಲಕ್ಕೂ ಒಂದೇ ಬಾಟಲಿ ಎಂದರೆ ಬೇರೆ ಅಂಗಡಿ ನೋಡಿ. ಬ್ಯಾಲೆನ್ಸ್, ಎಸ್ಕೇಪ್ ಚಕ್ರಗಳಿಗೆ ಮೋಬಿಯಸ್ 9010ರಂಥ ತೆಳು ಎಣ್ಣೆ, ನಿಧಾನ ತಿರುಗುವ ನಡುಚಕ್ರಕ್ಕೆ ಮಂದ ಎಣ್ಣೆ, ಮೇನ್‌ಸ್ಪ್ರಿಂಗ್‌ಗೆ ಗ್ರೀಸು. ಎಸ್ಕೇಪ್ ಚಕ್ರವನ್ನು ಒಂದೊಂದೇ ಹಲ್ಲು ಮುಂದೆ ಬಿಡುವ ಪ್ಯಾಲೆಟ್ ಫೋರ್ಕಿನ ಅಚ್ಚಿಗೆ ಎಣ್ಣೆ ಹಾಕುವುದಿಲ್ಲ. ಪ್ಯಾಲೆಟ್‌ನ ಕಲ್ಲುಗಳನ್ನು ಕೂರಿಸಿರುವುದು ಅರಗಿನಲ್ಲಿ. ಸ್ಪಿರಿಟ್‌ನಲ್ಲಿ ನೆನೆಹಾಕಿದರೆ ಅರಗು ಕರಗಿ ಕಲ್ಲು ಜಾರುತ್ತದೆ. ಮನೆಯಲ್ಲಿ ಸ್ಯಾನಿಟೈಸರ್ ಹಾಕಿ ತೊಳೆಯುವ ಸಾಹಸ ಮಾಡಿದವರ ಮಷೀನು ಕೆಡುವುದಕ್ಕೆ ಇದೂ ಒಂದು ಕಾರಣ.

ಕೊಡುವಾಗ ಚೀಟಿಯ ಮೇಲೆ ಬರೆಸಿ: ಡಯಲ್ ಮುಟ್ಟಬಾರದು, ಮುಳ್ಳು ಬದಲಾಯಿಸಬಾರದು, ಕೇಸ್ ಪಾಲಿಶ್ ಬೇಡ, ತೆಗೆದ ಹಳೆಯ ಭಾಗ ಎಲ್ಲ ವಾಪಸ್. ಮಷೀನಿನ ಫೋಟೊ ತೋರಿಸಿ, ನಿಮ್ಮ ಬಳಿ ಅದಿದೆ ಎಂದು ಗೊತ್ತಾಗಲಿ. ಬ್ಯಾಲೆನ್ಸ್ ಹೋಗಿದ್ದರೆ ಹೊಸದು ಕಾರ್ಖಾನೆಯಿಂದ ಬರುವ ಕಾಲ ಹೋಯಿತು, ಇನ್ನೊಂದು ವಾಚಿನಿಂದಲೇ ತೆಗೆದು ಹಾಕಬೇಕು. "ಮಷೀನೇ ಬದಲಾಯಿಸಿಬಿಡೋಣ ಸಾರ್, ಅಗ್ಗ" ಎಂದರೆ ಅದು ಸುಳ್ಳಲ್ಲ, ನಿಜಕ್ಕೂ ಅಗ್ಗ. ಆದರೆ ಅಪ್ಪನ ಕೈಯ ಮೇಲೆ ಓಡಿದ ಮಷೀನು ಅಂಗಡಿಯ ಡ್ರಾಯರಿಗೆ ಹೋಗುತ್ತದೆ. ಒಪ್ಪುವುದಾದರೆ ಅದನ್ನೂ ಕೇಳಿ ತನ್ನಿ.

ಸ್ವಿಸ್ ವಾಚಾಗಿದ್ದರೆ

ತಾತನ ಕಾಲದ ವೆಸ್ಟ್ ಎಂಡ್, ಫೇವರ್ ಲ್ಯೂಬಾಗಳಲ್ಲಿ ರೀಡಯಲ್ ಪರೀಕ್ಷೆ ಇದೇ ಕ್ರಮ. ಹೆಚ್ಚಿನ ಎಚ್ಚರಿಕೆ ಎರಡು. 1960ರ ದಶಕದ ಆರಂಭಕ್ಕಿಂತ ಹಿಂದಿನ, ಹೊಳೆಯುವ ಅಂಕಿಗಳ ವಾಚಿನಲ್ಲಿ ನಿಜವಾದ ರೇಡಿಯಂ ಇರಬಹುದು. ಈಗ ಹೊಳೆಯದಿದ್ದರೂ ವಿಕಿರಣ ಹಾಗೇ ಇದೆ, ಅದರ ಅರ್ಧಾಯುಷ್ಯ (ಅರ್ಧಕ್ಕೆ ಇಳಿಯಲು ಬೇಕಾದ ಕಾಲ) ಸುಮಾರು 1,600 ವರ್ಷ. ಗ್ಲಾಸು ಮುಚ್ಚಿದ್ದಷ್ಟು ಕಾಲ ಬಣ್ಣದ ಪುಡಿ ಹೊರಗೆ ಬರುವುದಿಲ್ಲ, ಮನೆಯಲ್ಲಿ ಗ್ಲಾಸು ತೆಗೆದು ಕೆರೆಯುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಎರಡನೆಯದು, ಆರರ ಕೆಳಗೆ "ಟಿ ಸ್ವಿಸ್ ಟಿ" ಎಂದಿದ್ದರೆ ಬಳಸಿದ್ದು ಟ್ರಿಟಿಯಂ, ಅದೂ ವಿಕಿರಣದಿಂದ ಹೊಳೆಯುವಂಥದ್ದೇ. ಅದರ ಅರ್ಧಾಯುಷ್ಯ 12 ವರ್ಷ ಚಿಲ್ಲರೆ. 1970ರ ವಾಚಿನಲ್ಲಿ ಅದು ಇಂದಿಗೂ ಝಗಮಗಿಸುತ್ತಿದ್ದರೆ ಹೊಸ ಬಣ್ಣ ತುಂಬಿದ್ದಾರೆ.

ಕಟ್ಟಿಕೊಳ್ಳಲು ಶುರುಮಾಡಿದ ಮೇಲೆ

ಬೆಳಿಗ್ಗೆ ಒಂದೇ ಹೊತ್ತಿಗೆ, ವಾಚನ್ನು ಕೈಯಿಂದ ಬಿಚ್ಚಿ ಕೀ ಕೊಡಿ. ಕಟ್ಟಿಕೊಂಡೇ ಕೊಟ್ಟರೆ ಕಡ್ಡಿ ಓರೆಯಾಗಿ ಎಳೆಯುತ್ತದೆ, ಅದರ ತೂತು ಅಗಲವಾಗುತ್ತದೆ. ಕಾಂಚನ್‌ನಂಥ ವಾರ-ತಾರೀಕಿನ ವಾಚುಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರವರೆಗೆ ತಾರೀಕು ತಿರುಗಿಸಬೇಡಿ. ಹಲ್ಲುಗಳು ಕಚ್ಚಿಕೊಂಡಿರುವ ಹೊತ್ತು ಅದು, ಮುರಿಯುತ್ತವೆ. ಹಿಂಬದಿಯಲ್ಲಿ ವಾಟರ್‌ಪ್ರೂಫ್ ಎಂದು ಬರೆದಿದ್ದರೂ ನಂಬಬೇಡಿ, ಆ ರಬ್ಬರ್ ಎಂದೋ ಕಲ್ಲಾಗಿದೆ. ಗ್ಲಾಸಿನ ಒಳಗೆ ಮಂಜು ಕಟ್ಟಿದರೆ ಅಕ್ಕಿ ಡಬ್ಬಿಯಲ್ಲಿ ಹೂತಿಡಬೇಡಿ. ಅದೇ ದಿನ ಹಿಂಬದಿ ತೆಗೆಸಿ ಒಣಗಿಸಿ, ಹೇರ್‌ಸ್ಪ್ರಿಂಗ್‌ಗೆ ತುಕ್ಕು ಹಿಡಿಯಲು ಬಹಳ ದಿನ ಬೇಕಾಗುವುದಿಲ್ಲ. ದಿನಾ ಕಟ್ಟುವುದಾದರೆ ಮುಂದಿನ ಸರ್ವಿಸ್ ನಾಲ್ಕೈದು ವರ್ಷಕ್ಕೆ.